ಮಷೀನ್ ಪಾಸಿಟಿವ್, ಕಲ್ಚರ್ ನೆಗೆಟಿವ್: ಯಾವುದನ್ನು ನಂಬುವುದು?

ಪ್ರಶ್ನೆ: ಕಳೆದ ವರ್ಷ ಟಿಬಿ ಚಿಕಿತ್ಸೆ ಮುಗಿಸಿದವರ ಕಫ ಜೀನ್‌ಎಕ್ಸ್‌ಪರ್ಟ್ ಅಲ್ಟ್ರಾ ಮಷೀನ್ ಟೆಸ್ಟ್‌ನಲ್ಲಿ ‘ಟ್ರೇಸ್’ (ಟಿಬಿ ಬ್ಯಾಕ್ಟೀರಿಯಾದ ಗುರುತು ತೀರಾ ಅಲ್ಪ) ಎಂದು ಬಂದಿದೆ. ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್. ಟೆಸ್ಟ್ ತಪ್ಪೇ?
– ಲ್ಯಾಬ್ ಟೆಕ್ನೀಷಿಯನ್, ರಾಯಚೂರು

ಉತ್ತರ: ತಪ್ಪೆನ್ನಲಾಗದು. ಮಷೀನ್ ಹುಡುಕುವುದು ಡಿಎನ್‌ಎಯನ್ನು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಅದಕ್ಕೆ ಸಿಗುತ್ತದೆ. ಕಲ್ಚರ್‌ನಲ್ಲಿ ಬೆಳೆಯುವುದು ಬದುಕಿರುವುದು ಮಾತ್ರ. ಹಾಗಾಗಿ ಹಿಂದೆ ಚಿಕಿತ್ಸೆ ಪಡೆದವರಲ್ಲಿ ‘ಟ್ರೇಸ್’ ಒಂದನ್ನೇ ನೋಡಿ ಮತ್ತೆ ಔಷಧಿ ಶುರುಮಾಡುವುದು ಸರಿಯಲ್ಲ. ಲಕ್ಷಣ, ಎಕ್ಸ್‌ರೇ, ಕಲ್ಚರ್ ಮೂರನ್ನೂ ವೈದ್ಯರು ಒಟ್ಟಿಗೆ ನೋಡಬೇಕು. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಈ ಮಷೀನ್ ಟೆಸ್ಟ್ ಬೇಡವೇ ಬೇಡ.

ಪ್ರಶ್ನೆ: ಹೊಸ ಪಿಸಿಆರ್ ಕಿಟ್‌ನ ಸೆನ್ಸಿಟಿವಿಟಿ (ಕಾಯಿಲೆ ಇರುವವರನ್ನು ಪಾಸಿಟಿವ್ ಎನ್ನುವ ಪ್ರಮಾಣ) 90%, ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರನ್ನು ನೆಗೆಟಿವ್ ಎನ್ನುವ ಪ್ರಮಾಣ) 98% ಎನ್ನುತ್ತಾರೆ. ಸಾಕೇ?

ಉತ್ತರ: ಯಾರ ಮೇಲೆ ಬಳಸುತ್ತೀರಿ ಹೇಳಿ. 1,000 ಜನರಲ್ಲಿ 10 ಮಂದಿಗೆ ಕಾಯಿಲೆಯಿದ್ದರೆ 9 ನಿಜವಾದ ಪಾಸಿಟಿವ್, ಜೊತೆಗೆ ಸುಮಾರು 20 ಸುಳ್ಳು ಪಾಸಿಟಿವ್! 200 ಮಂದಿಗಿದ್ದರೆ 180 ನಿಜ, 16 ಸುಳ್ಳು. ಕಿಟ್ ಅದೇ. ‘ಇನ್‌ವ್ಯಾಲಿಡ್’ (ಫಲಿತಾಂಶವೇ ಸಿಗಲಿಲ್ಲ) ಎಂದು ಬಂದ ಸ್ಯಾಂಪಲ್‌ಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದಾರೆಯೇ ಎಂದೂ ಕೇಳಿ; ಅಂಕಿ ಚೆಂದ ಕಾಣಿಸುವ ಹಳೇ ಉಪಾಯ ಅದು. ಇನ್ನು ಟಿಬಿ ಟೆಸ್ಟ್‌ಗೆ ಕಫದ ಬದಲು ಬರೀ ಎಂಜಲು ಕೊಟ್ಟರೆ ಎಂಥ ಕಿಟ್ಟೂ ಸೋಲಬಹುದು.