ಒಂದು ಸಂತೆ ಎರಡಾದಾಗ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟು ಇಷ್ಟು ವರ್ಷವಾದರೂ ಅಲ್ಲಿನ ಜನರ ಜಗಳ ಯಾಕೆ ಮುಗಿದಿಲ್ಲ? ಚಿತ್ರದುರ್ಗದಿಂದ ದಾವಣಗೆರೆ ಬೇರೆಯಾದ ಹಾಗೆ ಒಂದು ಸಲ ಆಗಿ ತಣ್ಣಗಾಗಬೇಕಿತ್ತಲ್ಲ?
— ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: 1997ರಲ್ಲಿ ಜಿಲ್ಲೆ ಒಡೆದಾಗ ಚಳ್ಳಕೆರೆಯ ಶೇಂಗಾ ದಾವಣಗೆರೆಗೆ ಬಂದರೆ ಯಾರೂ ಸುಂಕ ಕೇಳಲಿಲ್ಲ. ಕಚೇರಿಗಳು ಬೇರೆಯಾದವು, ಸಂತೆ ಒಂದೇ ಉಳಿಯಿತು. ಬ್ರಿಟನ್ನಿನಲ್ಲಿ ಒಡೆದದ್ದು ಸಂತೆಯೇ. ಹೋಲಿಸಲೇಬೇಕೆಂದರೆ ಜಿಎಸ್‌ಟಿಯನ್ನು ಹಿಂದುಮುಂದಾಗಿ ಊಹಿಸಿಕೊಳ್ಳಿ. 2017ರ ಜುಲೈಗೆ ಮೊದಲು ಇಲ್ಲಿಂದ ಪುಣೆ ಕಡೆಗೆ ಹೊರಟ ಲಾರಿ ರಾಜ್ಯದ ಗಡಿಯ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಲು ಸಾಲಿನಲ್ಲಿ ನಿಲ್ಲುತ್ತಿತ್ತು. ನಮ್ಮಲ್ಲಿ ಆ ಸಾಲು ಹೋಯಿತು. ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ಬಂದರುಗಳ ನಡುವೆ ಅಂಥದೇ ಕಾಗದಪತ್ರ 2021ರ ಜನವರಿಯಿಂದ ಹೊಸದಾಗಿ ಶುರುವಾಯಿತು.

ಜಗಳದ ಬೇರು ಮತಪತ್ರದಲ್ಲೇ ಇದೆ. 2016ರ ಜೂನ್ 23ರಂದು ಕೇಳಿದ್ದು ಉಳಿಯಬೇಕೇ, ಬಿಡಬೇಕೇ ಎಂದಷ್ಟೇ. ಬಿಟ್ಟ ಮೇಲೆ ಹೇಗಿರಬೇಕು ಎಂದು ಕೇಳಲೇ ಇಲ್ಲ. ಬಿಡೋಣ ಎಂದವರು ಶೇ. 51.9, ಉಳಿಯೋಣ ಎಂದವರು ಶೇ. 48.1, ಅಂತರ ಸುಮಾರು 13 ಲಕ್ಷ ಮತ. ಅದೂ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಶೇ. 62ರಷ್ಟು ಮಂದಿ ಉಳಿಯೋಣ ಎಂದರು, ಉತ್ತರ ಐರ್ಲೆಂಡೂ ಅದನ್ನೇ ಹೇಳಿತು. ಇಂಗ್ಲೆಂಡಿನ ಲಿಂಕನ್‌ಶೈರ್ ಜಿಲ್ಲೆಯ ಬಾಸ್ಟನ್ ಪ್ರದೇಶದಲ್ಲಿ ನಾಲ್ಕರಲ್ಲಿ ಮೂರು ಪಾಲು ಬಿಡುವುದರ ಪರವಾಗಿತ್ತು. ಬಿಡೋಣ ಎಂದವರಲ್ಲೇ ಒಬ್ಬರಿಗೆ ಸ್ವಂತ ಕಾನೂನು ಬೇಕಿತ್ತು, ಇನ್ನೊಬ್ಬರಿಗೆ ವಲಸೆ ಕಡಿಮೆಯಾಗಬೇಕಿತ್ತು, ಮೀನುಗಾರರಿಗೆ ತಮ್ಮ ಕಡಲು ತಮಗೇ ಬೇಕಿತ್ತು. ಒಂದೇ ಉತ್ತರ ಇವರೆಲ್ಲರ ಕೈ ತುಂಬಿಸುವುದು ಸಾಧ್ಯವೇ ಇರಲಿಲ್ಲ.

ಪ್ರಚಾರದ ಕೆಂಪು ಬಸ್ಸಿನ ಮೇಲೆ ಬರೆದ ಅಂಕಿಯನ್ನೇ ನೋಡಿ: ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಆರೋಗ್ಯ ಸೇವೆಗೆ ಕೊಡೋಣ. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಮುರಿದುಕೊಂಡೇ ಹಣ ಹೋಗುತ್ತಿತ್ತು, ಹಾಗಾಗಿ ಅಷ್ಟು ದೊಡ್ಡ ಮೊತ್ತ ಯಾವ ವಾರವೂ ಹೋಗಿದ್ದಿಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಲೆಕ್ಕ ಎಂದಿತು. ವಲಸೆಯ ಕಥೆ ಇನ್ನೂ ನೋವಿನದು. ಯುರೋಪಿನವರ ಬರವು ತಗ್ಗಿತು, ಭಾರತ, ನೈಜೀರಿಯಾದಂಥ ದೇಶಗಳಿಂದ ಹೆಚ್ಚಿತು. 2023ರಲ್ಲಿ ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷ ದಾಟಿತ್ತು. ವಲಸೆ ತಗ್ಗಲಿ ಎಂದು ಮತ ಹಾಕಿದವರಿಗೆ ಮೋಸ ಹೋದೆವು ಅನ್ನಿಸಿದ್ದು ಸಹಜ. ಆ ಸಿಟ್ಟು ಈಗ ಅಲ್ಲಿರುವ ನಮ್ಮ ನರ್ಸುಗಳ ಮೇಲೆ, ವಿದ್ಯಾರ್ಥಿಗಳ ಮೇಲೆ ತಿರುಗುತ್ತಿರುವುದು ನಮಗೆ ಕಳವಳದ ವಿಷಯ.

ನಷ್ಟವೆಷ್ಟು? ಸರ್ಕಾರದ ಬಜೆಟ್ ಲೆಕ್ಕ ಪರಿಶೀಲಿಸುವ ಸ್ವತಂತ್ರ ಸಂಸ್ಥೆಯ ಅಂದಾಜಿನಂತೆ, ಒಕ್ಕೂಟದಲ್ಲೇ ಇದ್ದಿದ್ದರೆ ಇರುತ್ತಿದ್ದ ಉತ್ಪಾದಕತೆಗಿಂತ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕಡಿಮೆ. ಕೋವಿಡ್, ಉಕ್ರೇನ್ ಯುದ್ಧದ ಹೊಡೆತವನ್ನೂ ಇದಕ್ಕೇ ಕಟ್ಟುತ್ತಿದ್ದೀರಿ ಎಂದು ಬಿಡುವ ಪರದವರು ವಾದಿಸುತ್ತಾರೆ. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಗಡಿಯ ಕಾಗದದ ಖರ್ಚು ಕೋವಿಡ್ ತಂದದ್ದಲ್ಲ.

ಪ್ರಶ್ನೆ: ನಮ್ಮದು ಸಿದ್ಧ ಉಡುಪಿನ ಸಣ್ಣ ಘಟಕ. ಇಂಗ್ಲೆಂಡಿನ ಲೆಸ್ಟರಿನ ಖರೀದಿದಾರರು ನಮ್ಮ ಕಾಟನ್ ಶರ್ಟು ತರಿಸಿಕೊಂಡು, ಅದರಲ್ಲಿ ಒಂದಷ್ಟನ್ನು ಯುರೋಪ್ ಒಕ್ಕೂಟದಲ್ಲೇ ಇರುವ ಐರ್ಲೆಂಡಿನ ಡಬ್ಲಿನ್‌ಗೆ ಕಳಿಸುತ್ತಾರೆ. ಎರಡು ಸಲ ಸುಂಕ ಬಿತ್ತು, ಅರ್ಧ ನೀವು ಹೊರಿ ಅನ್ನುತ್ತಿದ್ದಾರೆ. ಬ್ರಿಟನ್–ಯುರೋಪ್ ನಡುವೆ ಸುಂಕವಿಲ್ಲ ಎಂಬ ಒಪ್ಪಂದ ಇದೆಯಲ್ಲವೇ?
— ದಾವಣಗೆರೆ

ಉತ್ತರ: ಒಪ್ಪಂದ ಇದೆ, 2020ರ ಡಿಸೆಂಬರ್ 24ರಂದು ಕುದುರಿದ್ದು. ಆದರೆ ಅದು ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ತಯಾರಾದ ಮಾಲಿಗೆ ಮಾತ್ರ. ದಾವಣಗೆರೆಯಲ್ಲಿ ಹೊಲಿದ ಶರ್ಟು ಲೆಸ್ಟರಿನ ಗೋದಾಮಿನಲ್ಲಿ ಆರು ತಿಂಗಳು ಇದ್ದರೂ ಭಾರತದ್ದೇ. ಇಸ್ತ್ರಿ ಮಾಡಿ, ಲೇಬಲ್ ಬದಲಿಸಿ, ಹೊಸ ಕವರಿಗೆ ತುಂಬಿದರೂ ಅದರ ಮೂಲ ಬದಲಾಗುವುದಿಲ್ಲ.

ಲೆಕ್ಕ ಹೀಗಾಗುತ್ತದೆ. ಡಬ್ಲಿನ್‌ಗೆ ಹೋಗಬೇಕಾದ ಮಾಲು 20 ಲಕ್ಷ ರೂಪಾಯಿಯದ್ದು ಎಂದುಕೊಳ್ಳಿ. ರಿಯಾಯಿತಿ ಇಲ್ಲದ ಸಾಮಾನ್ಯ ದರ ಎರಡೂ ಕಡೆ ಶೇ. 12. ಬ್ರಿಟನ್ನಿನಲ್ಲಿ ಬಿಡಿಸಿಕೊಂಡಾಗ 2.4 ಲಕ್ಷ, ಐರ್ಲೆಂಡಿಗೆ ಹೋದಾಗ ಮತ್ತೆ 2.4 ಲಕ್ಷ. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಒಂದೇ ಸಲ ಕಟ್ಟಿದ್ದರೆ ಸಾಕಿತ್ತು.

ತಪ್ಪಿಸುವ ದಾರಿ ಎರಡು. ಮೊದಲನೆಯದು, ಇಲ್ಲಿಂದಲೇ ಮಾಲು ಬೇರೆ ಮಾಡುವುದು. ಡಬ್ಲಿನ್ ಪಾಲಿಗೆ ಬೇರೆ ಇನ್‌ವಾಯ್ಸ್, ಬೇರೆ ಪ್ಯಾಕಿಂಗ್ ಲಿಸ್ಟ್, ಬೇರೆ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕು ರಸೀದಿ) ಮಾಡಿಸಿ ನೇರ ಕಳಿಸಿ. ಅಲ್ಲಿ ಬಿಡಿಸಿಕೊಳ್ಳುವವರ ಬಳಿ ಒಕ್ಕೂಟದ ಇಒಆರ್‌ಐ ಸಂಖ್ಯೆ, ಅಂದರೆ ಕಸ್ಟಮ್ಸ್ ನೋಂದಣಿ ಸಂಖ್ಯೆ ಇರಬೇಕು. ಬ್ರಿಟನ್ನಿನ ‘ಜಿಬಿ’ ಸಂಖ್ಯೆ ಅಲ್ಲಿ ನಡೆಯುವುದಿಲ್ಲ. ಮಾಲು ಹೊರಡುವ ಮುಂಚೆಯೇ ಈ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಬಂದರಿನಲ್ಲಿ ಕಂಟೇನರ್ ನಿಂತು ದಿನಬಾಡಿಗೆ ಏರತೊಡಗಿದ ಮೇಲೆ ಹುಡುಕಿ ಪ್ರಯೋಜನವಿಲ್ಲ. ಎರಡನೆಯದು, ಎಷ್ಟು ಎಲ್ಲಿಗೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ, ಖರೀದಿದಾರರು ಮಾಲನ್ನು ಸುಂಕ ಕಟ್ಟದೆ ಕಸ್ಟಮ್ಸ್ ನಿಗಾದ ಬಾಂಡೆಡ್ ಗೋದಾಮಿನಲ್ಲಿಟ್ಟು, ಡಬ್ಲಿನ್ ಪಾಲನ್ನು ‘ಟಿ1’ ಪತ್ರದ ಮೇಲೆ, ಅಂದರೆ ಸುಂಕ ಕಟ್ಟದ ಮಾಲಿನ ಸಾಗಣೆ ಪತ್ರದ ಮೇಲೆ ಕಳಿಸುವುದು. ಆಗ ಸುಂಕ ಐರ್ಲೆಂಡಿನಲ್ಲಿ ಮಾತ್ರ. ಗೋದಾಮಿನ ಖರ್ಚು ಇರುತ್ತದೆ, ಹಾಗಾಗಿ ಸಣ್ಣ ಮಾಲಿಗೆ ಮೊದಲ ದಾರಿಯೇ ಮೇಲು.

ಅರ್ಧ ಹೊರಬೇಕೇ ಎಂಬುದಕ್ಕೆ ನಿಮ್ಮ ಆರ್ಡರ್ ಪತ್ರ ತೆಗೆದು ನೋಡಿ. ಎಫ್‌ಒಬಿ (ಹಡಗಿಗೆ ಹತ್ತಿಸುವವರೆಗೆ ಖರ್ಚು ನಿಮ್ಮದು) ಅಥವಾ ಸಿಐಎಫ್ (ಅಲ್ಲಿನ ಬಂದರಿನವರೆಗೆ ಸಾಗಣೆ, ವಿಮೆಯ ಖರ್ಚೂ ನಿಮ್ಮದು) ಎಂದಿದ್ದರೆ ಅಲ್ಲಿನ ಸುಂಕ ಅವರ ಹೊಣೆ, ನೀವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಡಿಡಿಪಿ (ಸುಂಕ ಕಟ್ಟಿಯೇ ತಲುಪಿಸುವುದು) ಎಂದಿದ್ದರೆ ಅದರಲ್ಲಿ ಹೆಸರಿಸಿದ ಊರಿನವರೆಗೆ ಸುಂಕ ನಿಮ್ಮದು. ಊರು ಲೆಸ್ಟರ್ ಆಗಿದ್ದರೆ ಡಬ್ಲಿನ್ ಸುಂಕ ಆಗಲೂ ನಿಮ್ಮದಲ್ಲ. ಹಳೆಯ ಒಪ್ಪಂದದ ಒಕ್ಕಣೆಯನ್ನೇ ವರ್ಷ ವರ್ಷ ನಕಲು ಮಾಡುತ್ತ, ಊರಿನ ಜಾಗದಲ್ಲಿ ‘ಯುಕೆ/ಇಯು’ ಎಂದು ಒಟ್ಟಿಗೆ ಬರೆಯುವುದರಿಂದಲೇ ಇಂಥ ತಕರಾರು ಹುಟ್ಟುವುದು. 

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಸುಂಕ ವಿನಾಯಿತಿಯೂ ಬ್ರಿಟನ್ನಿನ ಬಾಗಿಲಿಗೆ ಮಾತ್ರ. ಅದು ಡಬ್ಲಿನ್ ಸುಂಕವನ್ನು ಇಳಿಸುವುದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಮಾಲು ಹೋಗುವುದಿದ್ದರೆ ಪ್ರತ್ಯೇಕವಾಗಿ ವಿಚಾರಿಸಿ. ಉತ್ತರ ಐರ್ಲೆಂಡ್ ಬ್ರಿಟನ್ನಿನದೇ ಆದರೂ ಸರಕಿನ ವಿಷಯದಲ್ಲಿ ಒಕ್ಕೂಟದ ಬಹುಪಾಲು ನಿಯಮ ಅಲ್ಲಿ ನಡೆಯುತ್ತದೆ.

ಪೌಂಡಿನಲ್ಲಿ ದರ ಕೊಡುವವರಿಗೆ ಇನ್ನೊಂದು ಮಾತು. ಫಲಿತಾಂಶ ಬಂದ 2016ರ ಜೂನ್ 24ರ ಒಂದೇ ದಿನ ಡಾಲರ್ ಎದುರು ಪೌಂಡ್ ಸುಮಾರು ಶೇ. 8 ಕುಸಿಯಿತು. ಸಣ್ಣ ಘಟಕದ ಲಾಭ ಅಷ್ಟೇ ಇರುವುದು. ಆರ್ಡರ್ ಖಚಿತವಾದ ದಿನವೇ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರ್ಯಾಕ್ಟ್, ಅಂದರೆ ಪೌಂಡಿನ ದರವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಕರಾರು ಮಾಡಿಸಿ.

ಪ್ರಶ್ನೆ: ಮಗಳು ಬ್ರಿಟನ್ನಿನಲ್ಲಿ ಎಂಎಸ್ ಓದುತ್ತಿದ್ದಾಳೆ. ಒಕ್ಕೂಟ ಬಿಟ್ಟ ಮೇಲೆ ಪ್ಯಾರಿಸ್ ನೋಡಿ ಬರಲು ಹೊಸದಾಗಿ ವೀಸಾ ಬೇಕಂತೆ, ನಿಜವೇ?
— ಹಿರಿಯೂರು

ಉತ್ತರ: ವೀಸಾ ಬೇಕು, ಆದರೆ ಹೊಸದಾಗಿ ಅಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಷೆಂಗೆನ್ ವಲಯದಲ್ಲಿ ಬ್ರಿಟನ್ ಎಂದೂ ಇರಲಿಲ್ಲ, ಭಾರತದ ಪಾಸ್‌ಪೋರ್ಟಿನವರಿಗೆ ಮೊದಲೂ ಬೇಕಿತ್ತು. ಅವರು ಅಲ್ಲಿಂದಲೇ ಅರ್ಜಿ ಹಾಕಬಹುದು.

ಪ್ರಶ್ನೆ: ಶೇಂಗಾ ಬೀಜಕ್ಕೆ ಯುರೋಪಿನ ಲೆಕ್ಕದಲ್ಲಿ ಮಾಡಿಸಿದ ಲ್ಯಾಬ್ ವರದಿ ಬ್ರಿಟನ್ನಿಗೂ ಸಾಕೇ?
— ಚಳ್ಳಕೆರೆ

ಉತ್ತರ: ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷದ ಮಟ್ಟಿಗೆ ಬ್ರಿಟನ್ ಯುರೋಪ್ ಒಕ್ಕೂಟದ ಮಿತಿಯನ್ನೇ ಉಳಿಸಿಕೊಂಡಿದೆ: ನೇರ ತಿನ್ನುವ ಬೀಜಕ್ಕೆ ಕೆಜಿಗೆ ಬಿ1 ಬಗೆ 2 ಮೈಕ್ರೋಗ್ರಾಂ, ಒಟ್ಟು 4 ಮೈಕ್ರೋಗ್ರಾಂ. ಕೀಟನಾಶಕದ ಉಳಿಕೆಗೆ ಮಾತ್ರ 2021ರಿಂದ ಎರಡೂ ಕಡೆ ಬೇರೆ ಬೇರೆ ಪಟ್ಟಿ. ಒಂದು ಕಡೆ ಇಳಿಸಿದ ಮಿತಿ ಇನ್ನೊಂದು ಕಡೆ ಹಾಗೇ ಉಳಿದಿರಬಹುದು. ವರದಿಯಲ್ಲಿ ಯಾವ ಪಟ್ಟಿಗೆ ಹೋಲಿಸಿದ್ದಾರೆ ಎಂದು ಬರೆಸಿಕೊಳ್ಳಿ.

ಮಾಲು ವಾಪಸಾಗುವ ಕಾರಣ ಹೆಚ್ಚಾಗಿ ನಮ್ಮ ಅಂಗಳದಲ್ಲೇ ಇರುತ್ತದೆ. ಯಂತ್ರಕ್ಕೆ ಹಾಕುವ ಮುಂಚೆ ಬೀಜ ಒಡೆಯದಿರಲಿ ಎಂದು ಕಾಯಿಗೆ ನೀರು ಚಿಮುಕಿಸುತ್ತಾರೆ. ಆ ತೇವ ಆರುವ ಮೊದಲೇ ಚೀಲಕ್ಕೆ ತುಂಬಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ನೀರು ಹಾಕದೆ ಸುಲಿಸಿ. ಬೀಜದ ತೇವಾಂಶ ಶೇ. 7ಕ್ಕೆ ಇಳಿದ ಮೇಲೆಯೇ ತುಂಬಿಸಿ; ಮುರುಟಿದ, ಕಪ್ಪಾದ ಬೀಜ ಕೈಯಲ್ಲೇ ಆರಿಸಿ ತೆಗೆಯಿರಿ. ಅಂಥ ನಾಲ್ಕು ಬೀಜ ಸಾಕು, ಇಡೀ ಲಾಟು ಫೇಲಾಗಲು.