ವೆಟರ್ನರಿ ಸೀಟು, ಹೆಣ್ಣುಮಕ್ಕಳು, ದನದ ಹೆರಿಗೆ: ರಿಪ್ಪನ್‌ಪೇಟೆಯ ಅಣ್ಣನ ಪ್ರಶ್ನೆಗೆ

ಅಣ್ಣ, ನಿಮ್ಮ ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ವೆಟರ್ನರಿ ಸೀಟಿಗೆ ಏನೇನು ಬೇಕು, ಹೆಣ್ಣುಮಕ್ಕಳ ಕೈಲಿ ದನದ ಹೆರಿಗೆ ಆಗುತ್ತಾ ಅಂತ ಕೇಳಿದ್ದೀರಿ. ಎರಡನೇದನ್ನೇ ಮೊದಲು ಹೇಳ್ತೀನಿ, ನಿಮ್ಮ ಪ್ರಶ್ನೆಗೆ ಸುಮಾರು ಜನ "ಅದು ಗಂಡಸರ ಕೆಲಸ" ಅಂತ ಉತ್ತರ ಬರೆದುಬಿಟ್ಟಿದ್ದಾರೆ.

ಕರು ತೆಗೆಯೋದು ತೋಳ್ಬಲದ ಕೆಲಸ ಅಲ್ಲ. ನಮ್ಮ ಸಣ್ಣ ತಳಿ ಮಲೆನಾಡು ಗಿಡ್ಡಕ್ಕೆ ದೊಡ್ಡ ತಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಯ ವೀರ್ಯದ ಇಂಜೆಕ್ಷನ್ ಮಾಡಿಸಿದ್ರೆ ಕರು ದೊಡ್ಡದು, ದಾರಿ ಸಣ್ಣದು. ಅಲ್ಲಿ ನಾಲ್ಕು ಜನ ಹಗ್ಗ ಕಟ್ಟಿ ಜಗ್ಗಿದ್ರೆ ಗರ್ಭಕೋಶ ಹರಿಯುತ್ತೆ, ಇಲ್ಲಾ ಹಸು ಮೇಲೇಳೋದೇ ಇಲ್ಲ. ಡಾಕ್ಟರು ಮಾಡೋದೇ ಬೇರೆ. ಬಾಲದ ಬುಡದಲ್ಲಿ ಸುಮಾರು 5 ಮಿ.ಲೀ. ಲಿಗ್ನೊಕೇನ್ (ಮರಗಟ್ಟಿಸೋ ಮದ್ದು) ಕೊಟ್ಟು ಹಸು ತಿಣುಕೋದನ್ನ ತಗ್ಗಿಸ್ತಾರೆ. ಒಳಗೆ ಜಾರುವಂತೆ ಮಾಡಿಕೊಂಡು, ಕರುವನ್ನ ಮೊದಲು ಹಿಂದಕ್ಕೆ ತಳ್ತಾರೆ. ಆಗ ಸಿಗೋ ಜಾಗದಲ್ಲಿ ಮಡಚಿದ ಕಾಲನ್ನ ನೇರ ಮಾಡ್ತಾರೆ, ಗೊರಸಿನ ತುದಿ ಗರ್ಭಕೋಶಕ್ಕೆ ತಾಗದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು. ಆಮೇಲೆ ಎಳೆಯೋದು ಒಂದು ಕಾಲು, ಮತ್ತೆ ಇನ್ನೊಂದು ಕಾಲು, ಭುಜ ಓರೆಯಾಗಿ ಹೊರಗೆ ಬರಲಿ ಅಂತ. ಇದಕ್ಕೆ ಸಪೂರ ತೋಳೇ ಅನುಕೂಲ.

ವಿದ್ಯಾರ್ಥಿಗಳಿಗೆ ಬೇಸರ ಬರಿಸೋದು ಗಬ್ಬದ ಪರೀಕ್ಷೆ. ಗುದದೊಳಗೆ ಕೈ ಹಾಕಿದ್ರೆ ಮೊದಮೊದಲು ಸಿಗೋದು ಸಗಣಿ ಮಾತ್ರ. ಕರುಳು ಬಿಗಿ ಹಿಡಿದಾಗ ಮೊಣಕೈವರೆಗೆ ಜೋಮು ಹಿಡಿಯುತ್ತೆ. ಆಗ ತಳ್ಳಬಾರದು, ಸಡಿಲ ಆಗೋವರೆಗೆ ಕಾಯಬೇಕು. ಅವಸರ ಮಾಡಿದ್ರೆ ಗ್ಲೌಸಿನಲ್ಲಿ ರಕ್ತ ಕಾಣುತ್ತೆ. ಹತ್ತಿಪ್ಪತ್ತು ಹಸುವಿಗೆಲ್ಲ ಕೈ ಪಳಗಲ್ಲ.

ಈಗ ಸೀಟು. ಕೋರ್ಸು ಬಿವಿಎಸ್ಸಿ ಅಂಡ್ ಎಎಚ್ (ಪಶುವೈದ್ಯಕೀಯ ಮತ್ತು ಪಶುಸಂಗೋಪನೆ ಪದವಿ), ಐದೂವರೆ ವರ್ಷ, ಅದರಲ್ಲಿ ಕೊನೇ ಒಂದು ವರ್ಷ ಇಂಟರ್ನ್‌ಶಿಪ್. ಶಿವಮೊಗ್ಗದ ವಿನೋಬನಗರದ ಕಾಲೇಜು, ಹೆಬ್ಬಾಳ, ಹಾಸನ ಎಲ್ಲ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ರಾಜ್ಯದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಸಿಇಟಿ ಅಂಕದ ಜೊತೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂಕವೂ ರ‍್ಯಾಂಕಿಗೆ ಸೇರುತ್ತೆ. ಅದಕ್ಕೇ "ಸಿಇಟಿ ಒಂದೇ ಸಾಕು" ಅಂತ ಬೋರ್ಡ್ ಪರೀಕ್ಷೆ ಸಡಿಲ ಬಿಡಬೇಡಿ. ಸಿಇಟಿಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಸೀಟು ತಪ್ಪೋದು ಹೆಚ್ಚಾಗಿ ಅರ್ಜಿ ತುಂಬುವಾಗ. ಗ್ರಾಮೀಣ, ಕನ್ನಡ ಮಾಧ್ಯಮ, ಕೃಷಿಕರ ಕೋಟಾ ಮೂರನ್ನೂ ಅರ್ಜಿಯಲ್ಲೇ ಕ್ಲೇಮ್ ಮಾಡಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಮೊದಲೇ ಕೈಲಿರಲಿ, ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಕೃಷಿಕರ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇದೆ. ಅಲ್ಲಿ ವಸ್ತು ನೋಡಿ ಗುರುತಿಸಬೇಕು. ಮೇವು, ಹಿಂಡಿ, ಕಾಳು, ಕೊಟ್ಟಿಗೆ ಸಾಮಾನು ದಿನಾ ನೋಡೋ ಮಕ್ಕಳೂ ಅವುಗಳ ಪುಸ್ತಕದ ಹೆಸರು ಗೊತ್ತಿಲ್ಲದೆ ಎಡವುತ್ತಾರೆ.

ಇದಲ್ಲದೆ ಅಖಿಲ ಭಾರತ ಮಟ್ಟದ ಶೇ. 15 ಸೀಟು ನೀಟ್ ಅಂಕದ ಮೇಲೆ. ನೀಟ್ ಬರೆದ್ರೆ ಅಷ್ಟೇ ಸಾಲದು, ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕೌನ್ಸೆಲಿಂಗಿಗೆ ಬೇರೆಯಾಗಿ ನೋಂದಾಯಿಸಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಉತ್ತರ ಬರೆದವರಲ್ಲಿ ಒಬ್ಬರು ಪಶುಸಂಗೋಪನೆ ಡಿಪ್ಲೊಮಾ ಮಾಡಿಸಿ ಅಂದಿದ್ದಾರೆ. ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ್ದು, ಒಳ್ಳೇ ಕೋರ್ಸೇ. ಆದ್ರೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆ ಪ್ರಕಾರ ಸ್ವತಂತ್ರವಾಗಿ ಚಿಕಿತ್ಸೆ ಕೊಡಕ್ಕೆ ಪದವಿ ಮತ್ತು ಪರಿಷತ್ತಿನ ನೋಂದಣಿ ಬೇಕು. ಡಿಪ್ಲೊಮಾದವರು ಪಶುವೈದ್ಯರ ಮೇಲುಸ್ತುವಾರಿಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಮಾತ್ರ ಮಾಡಬಹುದು.

ಓದಿದ ಮೇಲೆ ಕೆಪಿಎಸ್‌ಸಿ ಮೂಲಕ ಇಲಾಖೆ, ಶಿಮುಲ್‌ನಂಥ ಹಾಲು ಒಕ್ಕೂಟ, ಕೋಳಿ ಕಂಪನಿ, ಪೇಟೆಯಲ್ಲಿ ನಾಯಿ-ಬೆಕ್ಕಿನ ಕ್ಲಿನಿಕ್ಕು, ದಾರಿ ಹಲವು. ಸಕ್ರೆಬೈಲು ಬಿಡಾರದ ಆನೆ ನೋಡಿ ಆಸೆಪಡೋರು ಬಹಳ, ಕಾಡುಪ್ರಾಣಿ ಕಡೆ ಹುದ್ದೆ ಮಾತ್ರ ಬೆರಳೆಣಿಕೆ.

ರಜೆಯಲ್ಲಿ ಒಂದು ಕೆಲಸ ಹಚ್ಚಿ. ಒಂದು ಥರ್ಮಾಮೀಟರ್ ಕೊಡಿಸಿ, ದಿನಾ ಬೆಳಿಗ್ಗೆ ಮನೆ ಹಸುಗಳ ಜ್ವರ ನೋಡಿ ಬರೀಲಿ. ಗುದದ ಗೋಡೆಗೆ ತಾಗಿಸಿ ಹಿಡೀಬೇಕು, ಸಗಣಿಯೊಳಗೆ ಚುಚ್ಚಿದ್ರೆ ಲೆಕ್ಕ ತಪ್ಪುತ್ತೆ. 101ರಿಂದ 102.5 ಡಿಗ್ರಿ ಸಾಮಾನ್ಯ. ಉಣುಗು ಹತ್ತಿದ ಮಿಶ್ರತಳಿ ಹಸುವಿಗೆ 105 ಏರಿ, ಭುಜದ ಮುಂದಿನ ಗಡ್ಡೆ ಊದಿದ್ರೆ ಥೈಲೇರಿಯಾ ಇರಬಹುದು, ಕಾಫಿ ಬಣ್ಣದ ಉಚ್ಚೆ ಹೋದ್ರೆ ಬಬೇಸಿಯಾ. ಎರಡೂ ಉಣುಗಿನಿಂದ ಬರೋ ರೋಗ. ಕಿವಿ ತುದಿಯ ರಕ್ತ ಗಾಜಿಗೆ ಸವರಿ ನೋಡದೆ ಖಚಿತ ಹೇಳಕ್ಕಾಗಲ್ಲ. ಆ ಉಣುಗನ್ನ ಬೆರಳಲ್ಲಿ ಹಿಸುಕಬಾರದು, ಉಣುಗಿನಿಂದ ಹರಡೋ ಮಂಗನ ಕಾಯಿಲೆ ಇರೋ ಊರು ನಮ್ಮದು.

ಇನ್ನೊಂದು, ಕೋರ್ಸಿಗೆ ಸೇರೋ ಮೊದಲೇ ರೇಬಿಸ್ ಲಸಿಕೆ ಹಾಕಿಸಿ: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಹುಚ್ಚು ಹಿಡಿದ ಹಸು ಯಾವಾಗಲೂ ಹಾಯಕ್ಕೆ ಬರಲ್ಲ. ಜೊಲ್ಲು ಸುರಿಸ್ತಾ, ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ನಿಂತಿರುತ್ತೆ. ಏನು ಸಿಕ್ಕಿದೆ ಅಂತ ಮನೆಯವರು ಬಾಯಿಗೆ ಬರಿಗೈ ಹಾಕೋದು ಆಗಲೇ.