ಒಬ್ಬರೇ ಉಳಿದಾಗ ಯಾವ ಊರು?

ಪೆನಾಂಗ್‌ನಿಂದ ನಮ್ಮ ಹಳೆಯ ಚಂದಾದಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ, ವಿಷಯ ಇಷ್ಟು. ಹೊನ್ನಾವರದ ಕಡೆಯವರು. ಮುಂಬಯಿಯಲ್ಲಿ ಸರಕಾರಿ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದರು. ಮುಲುಂಡ್‌ನ ಫ್ಲ್ಯಾಟ್ ಮಾರಿ 2012ರಲ್ಲಿ ಗಂಡ ಹೆಂಡತಿ ಮಲೇಶಿಯಾಕ್ಕೆ ಹೋದರು. ಅಲ್ಲಿನ ಸರಕಾರದ 'ಮಲೇಶಿಯಾ ಮೈ ಸೆಕೆಂಡ್ ಹೋಮ್' ಯೋಜನೆಯ ವೀಸಾ. ಈಗ ಇವರಿಗೆ 74, ಮನೆಯವರಿಗೆ 69. ಒಬ್ಬಳೇ ಮಗಳು, ಪುಣೆಯಲ್ಲಿದ್ದಾಳೆ. "ವೀಸಾ ನಿಯಮ ಪದೇ ಪದೇ ಬದಲಾಗುತ್ತಿದೆ, ಪೆನ್ಷನ್ ಸಾಲುತ್ತಿಲ್ಲ, ವಿಮೆಯವರು ಪ್ರೀಮಿಯಂ ಏರಿಸಿದ್ದಾರೆ, ಬಾಯಿತುಂಬ ಕನ್ನಡ ಮಾತಾಡಲು ಒಂದು ಜನ ಇಲ್ಲ. ಸಾಕಾಗಿದೆ. ಮುಲುಂಡ್‌ಗೇ ವಾಪಸ್ ಬಂದುಬಿಡೋಣ ಅಂತ ನಾನು. ಇವಳು ಬೇಡ ಅಂತಾಳೆ. ನೀವೇನು ಹೇಳುತ್ತೀರಿ?" ಪತ್ರ ಮುಗಿಯುವುದು ಹೀಗೆ.

ರಾಯರೇ,

ಬಿಡಬೇಕೋ ಬೇಡವೋ ಅಂತ ಕೇಳಿದ್ದೀರಿ. ಪತ್ರ ಓದಿದರೆ ನೀವು ಬಿಟ್ಟು ಬಹಳ ದಿನ ಆದ ಹಾಗಿದೆ. ಮುಲುಂಡ್ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ, ಸ್ಟೇಷನ್ ಎದುರಿನ ತರಕಾರಿಯವನ ಸಮೇತ. ಪೆನಾಂಗ್ ಬಗ್ಗೆ ಇರುವುದು ನಾಲ್ಕೇ ಸಾಲು, ಆ ನಾಲ್ಕರಲ್ಲೂ ನಿಮ್ಮ ಮನೆಯವರೇ ಇದ್ದಾರೆ. ಅವರು ಬೆಳಿಗ್ಗೆ ಬೊಟಾನಿಕ್ ಗಾರ್ಡನ್‌ನಲ್ಲಿ ಚೀನೀ ಹೆಂಗಸರ ಜೊತೆ ವಾಕಿಂಗ್ ಹೋಗುತ್ತಾರೆ, ಕ್ವೀನ್ ಸ್ಟ್ರೀಟ್‌ನ ಮಾರಿಯಮ್ಮನ್ ಗುಡಿಯಲ್ಲಿ ಹುಡುಗಿಯರಿಗೆ ಭಜನೆ ಹೇಳಿಕೊಡುತ್ತಾರೆ, ಅದಕ್ಕಾಗಿ ತಮಿಳು ಕಲಿತಿದ್ದಾರೆ, ಬಸ್ಸು ಹಿಡಿದು ಒಬ್ಬರೇ ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ. ನೀವು? ಬೆಳಿಗ್ಗೆ ಎದ್ದು ಬ್ಯಾಂಕ್ ಗೆಳೆಯರ ವಾಟ್ಸ್ಯಾಪ್ ಗುಂಪು ನೋಡುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ಇಷ್ಟು ವರ್ಷ ಪೆನಾಂಗ್‌ನಲ್ಲಿ ಬದುಕಿದ್ದು ಅವರು. ನೀವು ಮುಲುಂಡ್‌ನಲ್ಲೇ ಇದ್ದಿರಿ, ಫೋನಿನೊಳಗೆ.

ಅದಕ್ಕೇ ಅವರು ಬೇಡ ಅನ್ನುವುದನ್ನು ಹಟ ಅಂತ ನೋಡಬೇಡಿ. ನೀವು ಬಿಡುವುದು ಒಂದು ವೀಸಾ, ಒಂದು ಬಾಡಿಗೆ ಮನೆ. ಅವರು ಬಿಡುವುದು ಒಂದು ಸಂಸಾರದಷ್ಟು ಜನರನ್ನು.

ಹಾಗಂತ ನಿಮ್ಮ ಕಾರಣಗಳು ಸುಳ್ಳಲ್ಲ. ವೀಸಾದ ಮಾತು ಸರಿಯೇ. ನೀವು ಹೋದಾಗ ಐವತ್ತು ದಾಟಿದವರಿಗೆ ಒಂದೂವರೆ ಲಕ್ಷ ರಿಂಗಿಟ್ (ಮಲೇಶಿಯಾದ ಹಣ) ಠೇವಣಿ ಸಾಕಿತ್ತು, ವೀಸಾ ಹತ್ತು ವರ್ಷದ್ದು. 2021ರಲ್ಲಿ ಅಲ್ಲಿನ ಸರಕಾರ ಒಮ್ಮೆಲೇ ಹತ್ತು ಲಕ್ಷ ರಿಂಗಿಟ್ ಠೇವಣಿ, ತಿಂಗಳಿಗೆ 40,000 ರಿಂಗಿಟ್ ಆದಾಯ ಅಂದಿತು. ಹಳಬರನ್ನು ಆ ಹಣದ ಷರತ್ತಿನಿಂದ ಬಿಟ್ಟರು, ನಿಜ. ಆದರೆ ಬಿಡುವವರೆಗೆ ನಿಮಗೆ ನಿದ್ದೆ ಇರಲಿಲ್ಲ. 2024ರಲ್ಲಿ ಮತ್ತೆ ಬದಲು. ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ಮೂರು ದರ್ಜೆ, ಕೆಳಗಿನದಕ್ಕೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಜೊತೆಗೆ ಮನೆ ಕೊಳ್ಳಲೇಬೇಕು. ಅವರು ಮೋಸ ಮಾಡಿದರು ಅಂತ ಬರೆದಿದ್ದೀರಲ್ಲ, ಆ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವರು ಕೊಟ್ಟಿದ್ದು ಇರಲು ಅನುಮತಿ, ಪೌರತ್ವ ಅಲ್ಲ. ಎಷ್ಟು ವರ್ಷ ಇದ್ದರೂ ನೀವು ಅಲ್ಲಿ ಅತಿಥಿಯೇ. ಕಾಗದ ಓದಿಯೇ ಸಹಿ ಹಾಕಿದ್ದೀರಿ, ಬ್ಯಾಂಕಿನವರು ನೀವು!

ಪೆನ್ಷನ್ ವಿಷಯವೂ ಹಾಗೇ. 2012ರಲ್ಲಿ ಒಂದು ರಿಂಗಿಟ್‌ಗೆ ಹದಿನೇಳು ರೂಪಾಯಿ ಆಸುಪಾಸು ಇತ್ತು, ಈಗ ಇಪ್ಪತ್ತು ದಾಟಿದೆ. ಬ್ಯಾಂಕ್ ಪೆನ್ಷನ್ನಿಗೆ ಅಪ್‌ಡೇಷನ್, ಅಂದರೆ ಹೊಸ ಸಂಬಳಕ್ಕೆ ತಕ್ಕ ಏರಿಕೆ, ಇಲ್ಲ ಅನ್ನುವ ಕೂಗು ನಿಮ್ಮ ಸಂಘದ್ದೂ ಹಳೆಯದು. ರೂಪಾಯಿಯಲ್ಲಿ ಬರುವ ಹಣವನ್ನು ರೂಪಾಯಿ ಇರುವ ಕಡೆ ಖರ್ಚು ಮಾಡುವುದು ಜಾಣತನ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪತ್ರದ ಮಧ್ಯೆ, ಬೇರೇನೋ ಹೇಳುತ್ತಾ, ಪಕ್ಕದ ಬ್ಲಾಕಿನ ಗೆಳೆಯರು ತೀರಿಕೊಂಡ ಸಂಗತಿ ಬರೆದಿದ್ದೀರಿ. ಬ್ಯಾಂಕ್ ಖಾತೆ ನಿಲ್ಲಿಸಿಬಿಟ್ಟರು, ಕೋರ್ಟಿನ ಕಾಗದ ಬರುವವರೆಗೆ ಅವರ ಹೆಂಡತಿ ತಿಂಗಳುಗಟ್ಟಲೆ ಅಲೆದರು ಅಂತ ಒಂದು ಸಾಲು ಹೇಳಿ ಮುಂದೆ ಹೋಗಿದ್ದೀರಿ. ನನಗನಿಸುವುದು, ನಿಮ್ಮನ್ನು ರಾತ್ರಿ ಎಬ್ಬಿಸುವುದು ಈ ಸಾಲು. ವೀಸಾ, ಪ್ರೀಮಿಯಂ, ರಿಂಗಿಟ್ ಎಲ್ಲ ಆಮೇಲೆ.

ಹಾಗಿದ್ದರೆ ಅದನ್ನೇ ನೇರವಾಗಿ ಮುಂದಿಟ್ಟುಕೊಳ್ಳಿ. ಇಬ್ಬರೂ ಗಟ್ಟಿ ಇರುವಾಗ ಯಾವ ಊರಾದರೂ ನಡೆಯುತ್ತದೆ. ಒಬ್ಬರೇ ಉಳಿದಾಗ ಯಾವ ಊರು? ಇಬ್ಬರೂ ಕೂತು ಇದನ್ನು ಮಾತಾಡಿ. ಅಪಶಕುನ ಅಂತ ನಮ್ಮ ಮನೆಗಳಲ್ಲಿ ಈ ಮಾತು ಎತ್ತುವುದೇ ಇಲ್ಲ. ಎತ್ತದೆ ಇದ್ದರೆ ಸಾವು ಬರುವುದಿಲ್ಲ ಅಂತೇನೂ ಇಲ್ಲವಲ್ಲ.

ಮೊದಲು ಪೆನಾಂಗ್. ನೀವು ಇಲ್ಲದೆ ಅವರು ಅಲ್ಲಿ ದಿನದ ಬದುಕು ಮಾಡಬಲ್ಲರು, ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಅವರ ವೀಸಾ ನಿಮ್ಮದಕ್ಕೆ ಜೋತುಕೊಂಡದ್ದು, ಠೇವಣಿ ನಿಮ್ಮ ಹೆಸರಲ್ಲಿ. ಗಂಡನ ಹದಿಮೂರನೇ ದಿನ ಮುಗಿಯುವ ಮೊದಲೇ ಕಚೇರಿ ಕಚೇರಿ ಸುತ್ತಬೇಕಾದೀತು. ಇನ್ನು ತಿರುಗಿಸಿ ನೋಡಿ. ಅವರಿಲ್ಲದೆ ನೀವು ಅಲ್ಲಿ ಉಳಿದರೆ? ಮಾರ್ಕೆಟ್ಟಿಗೆ ಯಾವ ಬಸ್ಸು ಅಂತ ಗೊತ್ತಾ ನಿಮಗೆ? ಪೆನಾಂಗ್‌ನಲ್ಲಿ ಒಂಟಿಯಾಗಿ ಇರಲಾಗದವರು ನೀವು, ಅವರಲ್ಲ. ಅವರನ್ನು ಕಾಪಾಡಲು ಹೊರಟಿದ್ದೇನೆ ಅನ್ನುವ ಧಾಟಿ ಬಿಟ್ಟು, ನನಗೇ ಭಯವಾಗುತ್ತಿದೆ ಕಣೇ ಅಂತ ಹೇಳಿದರೆ ಬಹುಶಃ ಮಾತು ಬೇರೆ ಥರ ಸಾಗೀತು.

ಈಗ ಮುಲುಂಡ್. ಮುಂಬಯಿಯಲ್ಲಿ ಕೂತು ಕನ್ನಡ ಪತ್ರಿಕೆ ನಡೆಸುವ ನಾನು 'ಬನ್ನಿ ಬನ್ನಿ' ಅನ್ನಬೇಕು. ಅನ್ನುವುದಿಲ್ಲ. ನೀವು ಬಿಟ್ಟ ಮುಲುಂಡ್‌ನಲ್ಲಿ ಹಳೆಯ ನಾಲ್ಕು ಮಾಳಿಗೆಯ ಸೊಸೈಟಿಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗಿ ಟವರ್ ಎದ್ದಿವೆ. ಎಲ್‌ಬಿಎಸ್ ರಸ್ತೆಯ ನಡುವೆ ಮೆಟ್ರೊ ಕೆಲಸ ವರ್ಷಗಳಿಂದ ನಡೆದಿದೆ. ಫ್ಲ್ಯಾಟ್ ಮಾರಿದ ಹಣದಲ್ಲಿ ಅದೇ ಗಲ್ಲಿಯಲ್ಲಿ ಈಗ ಎಷ್ಟು ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ವಾಟ್ಸ್ಯಾಪ್ ಗುಂಪಿನ ಗೆಳೆಯರೂ ಅಲ್ಲಿ ಎಷ್ಟು ಜನ ಉಳಿದಿದ್ದಾರೆ, ಸುಮ್ನೆ ಒಂದು ಸಲ ಕೇಳಿ ನೋಡಿ. ಒಬ್ಬ ಮಗನ ಜೊತೆ ಬೆಂಗಳೂರಲ್ಲಿ, ಒಬ್ಬ ಊರಿನ ಮನೆ ರಿಪೇರಿ ಮಾಡಿಸಿ ಕುಮಟಾದಲ್ಲಿ, ಹೀಗೇ ಇರುತ್ತದೆ. ಗುಂಪಿನ ಹೆಸರು ಮುಲುಂಡ್, ಜನ ಬೇರೆ ಬೇರೆ ಕಡೆ.

ಕನ್ನಡದ ಹಸಿವಿಗೆ ಮುಂಬಯಿ ಒಳ್ಳೆಯದೇ. 1926ರ ಮೈಸೂರು ಅಸೋಸಿಯೇಷನ್ ಇನ್ನೂ ಮಾಟುಂಗಾದಲ್ಲಿದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘ ಇದೆ, ಮಳೆಗಾಲದಲ್ಲಿ ಊರಿನ ಮೇಳಗಳು ಯಕ್ಷಗಾನಕ್ಕೆ ಬರುತ್ತವೆ. ಆದರೆ ಸಂಜೆಯ ಲೋಕಲ್‌ನಲ್ಲಿ ಮುಲುಂಡ್‌ನಿಂದ ಮಾಟುಂಗಾಕ್ಕೆ ಹೋಗಿ ರಾತ್ರಿ ವಾಪಸ್ ಬರುವುದು 74ರಲ್ಲಿ ಎಷ್ಟು ದಿನ ಆದೀತು? ಸಭೆಗಳಲ್ಲಿ ನೋಡುತ್ತೇನೆ, ಮುಂದಿನ ಸಾಲಿನಲ್ಲಿ ಕೂತವರೆಲ್ಲ ನಿಮ್ಮ ವಯಸ್ಸಿನವರು. ಎಂಟೂವರೆ ಆಯಿತೆಂದರೆ ವಂದನಾರ್ಪಣೆಗೂ ಕಾಯದೆ ಒಬ್ಬೊಬ್ಬರೇ ಏಳುತ್ತಾರೆ.

ನನ್ನ ಕೇಳಿದರೆ ಪುಣೆ. ಮಗಳು ಕರೆಯುತ್ತಿದ್ದಾಳೆ, ನೀವು 'ಮಗಳ ಮನೆಯಲ್ಲಿ ಇರುವುದು ಸರಿಯಲ್ಲ' ಅಂತ ಎಳೆಯುತ್ತಿದ್ದೀರಿ. ಅವಳ ಮನೆಯಲ್ಲಿ ಇರಬೇಡಿ, ಮಾರಾಯರೇ. ಅವಳ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದೂರದಲ್ಲಿ ಇರಿ. ಲಿಫ್ಟ್ ಇರುವ ಕಟ್ಟಡ, ಆಸ್ಪತ್ರೆ ಹತ್ತಿರ. ಅವಳು ನಾಳೆ ಕೆಲಸಕ್ಕೆ ಬೇರೆ ಊರಿಗೆ ಹೋದರೂ ನೀವು ನಿಲ್ಲುವಂಥ ಜಾಗ ಆಗಿರಬೇಕು, ಅದಕ್ಕಾಗಿಯೇ ಬೇರೆ ಮನೆ. ಕನ್ನಡ ಅಲ್ಲಿ ಇಲ್ಲ ಅಂದುಕೊಳ್ಳಬೇಡಿ, ಗಣೇಶನಗರದಲ್ಲಿ ಕನ್ನಡ ಸಂಘ ಶಾಲೆಯನ್ನೇ ನಡೆಸುತ್ತಿದೆ. ನಿಮ್ಮ ಮನೆಯವರಿಗೆ ಅಲ್ಲಿ ಭಜನೆಯ ಗುಂಪು ಕಟ್ಟಲು ಆರು ತಿಂಗಳು ಬೇಕಾಗಲಿಕ್ಕಿಲ್ಲ. ಒಂದು ನಷ್ಟ ಇದೆ, ಒಪ್ಪುತ್ತೇನೆ. ಮುಲುಂಡ್‌ನಲ್ಲಿದ್ದರೆ ಪಕ್ಕದ ಠಾಣೆ ರೈಲ್ವೆ ಸ್ಟೇಷನ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗುವ ಹೊತ್ತಿಗೆ ಊರು. ಪುಣೆಯಿಂದ ಊರಿಗೆ ಅಷ್ಟು ಸಲೀಸಿಲ್ಲ.

ಮುಲುಂಡೋ ಪುಣೆಯೋ, ಬಂದ ಕೂಡಲೇ ಕೊಳ್ಳಬೇಡಿ. ಲೀವ್ ಆ್ಯಂಡ್ ಲೈಸೆನ್ಸ್ ಬಾಡಿಗೆ ಕರಾರಿನ ಮೇಲೆ ಹನ್ನೊಂದು ತಿಂಗಳು ಇರಿ. ಅದಕ್ಕೂ ಮೊದಲು ಕೆಲವು ವಾರ ಪ್ರಯೋಗಕ್ಕೆ ಬಂದು ನೋಡಿ, ಅದು ಮಾತ್ರ ಡಿಸೆಂಬರ್‌ನಲ್ಲಿ ಬೇಡ. ಇಷ್ಟು ವರ್ಷ ನೀವು ರಜೆಗೆ ಬಂದಿದ್ದೆಲ್ಲ ಡಿಸೆಂಬರ್, ಜನವರಿಯಲ್ಲೇ. ತಣ್ಣಗೆ ಗಾಳಿ, ಮದುವೆ ಮನೆಗಳು, ಎಲ್ಲರೂ ಊಟಕ್ಕೆ ಕರೆಯುವವರು. ಆ ಮುಂಬಯಿ ಯಾರಿಗೆ ಇಷ್ಟವಾಗುವುದಿಲ್ಲ? ಜುಲೈನಲ್ಲಿ ಬನ್ನಿ. ಇಬ್ಬರೂ. ಮಳೆ ಬಿಡದೆ ಸುರಿಯುವ ವಾರದಲ್ಲಿ ಔಷಧಿ ತರಲು ಹೊರಗೆ ಹೋಗಿ, ಯಾವುದಾದರೂ ಆಸ್ಪತ್ರೆಯ ಓಪಿಡಿಯಲ್ಲಿ ಕೂತು ಬನ್ನಿ, ನೀರು ನಿಂತ ರಸ್ತೆಯಲ್ಲಿ ರಿಕ್ಷಾ ಹುಡುಕಿ. ಅದಾದ ಮೇಲೂ ಮುಲುಂಡೇ ಬೇಕು ಅನಿಸಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಪುಣೆಯಲ್ಲೂ ಕೆಲವು ವಾರ ಇದ್ದು ನೋಡಿ, ಮಗಳ ಮನೆಯ ಅತಿಥಿಯಾಗಿ ಅಲ್ಲ, ಸ್ವಂತ ಒಲೆ ಹಚ್ಚಿಕೊಂಡು.

ಇನ್ನು ವಿಮೆ. ಇದಕ್ಕೆ ಜುಲೈವರೆಗೂ ಕಾಯಬೇಡಿ. 65 ದಾಟಿದವರಿಗೆ ಹೊಸ ಆರೋಗ್ಯ ಪಾಲಿಸಿ ಇಲ್ಲ ಅಂತ ಬರೆದಿದ್ದೀರಿ, ಅದು ಹಳೆಯ ಮಾತು. 2024ರ ಏಪ್ರಿಲ್‌ನಿಂದ ಆ ವಯಸ್ಸಿನ ಮಿತಿ ಹೋಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿಯೂ ನಾಲ್ಕು ವರ್ಷದಿಂದ ಹೆಚ್ಚೆಂದರೆ ಮೂರಕ್ಕೆ ಇಳಿದಿದೆ. ಮುಖ್ಯ ಮಾತು ಏನೆಂದರೆ, ಆ ಮೂರು ವರ್ಷ ಎಣಿಕೆ ಶುರುವಾಗುವುದು ಪಾಲಿಸಿ ತೆಗೆದುಕೊಂಡ ದಿನದಿಂದ, ನೀವು ವಾಪಸ್ ಬಂದ ದಿನದಿಂದ ಅಲ್ಲ. ಹೊರದೇಶದಲ್ಲಿರುವ ಭಾರತೀಯರೂ ಇಲ್ಲಿನ ಚಿಕಿತ್ಸೆಗೆ ಪಾಲಿಸಿ ತೆಗೆದುಕೊಳ್ಳಬಹುದು. ನಿಮಗೆ ಬಿಪಿ ಇದೆ, ಅವರಿಗೆ ಸಕ್ಕರೆ ಇದೆ. ಬರುವುದು ಇನ್ನೂ ಗಟ್ಟಿಯಾಗದಿದ್ದರೂ ಪಾಲಿಸಿ ಈಗಲೇ ಇರಲಿ. ಪ್ರೀಮಿಯಂ ಜಾಸ್ತಿಯೇ ಆಗುತ್ತದೆ, ತಪಾಸಣೆಗೆ ಒಮ್ಮೆ ಬರಬೇಕಾಗಬಹುದು. ಆದರೂ ಇರಲಿ. ಬ್ಯಾಂಕ್ ನಿವೃತ್ತರ ಗುಂಪು ವಿಮೆಗೆ ನೀವು ಸೇರಲೇ ಇಲ್ಲ ಅಂದಿರಿ, ಈಗ ಸೇರಿಸಿಕೊಳ್ಳುತ್ತಾರಾ ಅಂತ ನಿಮ್ಮ ಸಂಘದಲ್ಲಿ ವಿಚಾರಿಸಿ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಕೊಡುವ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಅದಕ್ಕೆ ಆಧಾರ್ ಬೇಕು. ಬಂದಾಗ ಮೊದಲು ಮಾಡಿಸುವ ಕೆಲಸ ಅದು. ಅದೊಂದನ್ನೇ ನಂಬಿ ಕೂರಬೇಡಿ, ಎಲ್ಲ ಆಸ್ಪತ್ರೆಗಳೂ ಪಟ್ಟಿಯಲ್ಲಿ ಇರುವುದಿಲ್ಲ.

ತೆರಿಗೆ ಬಗ್ಗೆ ಸಿಎ ಹತ್ತಿರ ಕೂತು ಮಾತಾಡಿ, ನಾನು ಒಂದೇ ಮಾತು ಹೇಳುತ್ತೇನೆ. ಪ್ರಯೋಗ ಈ ಮಳೆಗಾಲದಲ್ಲಿ ಇರಲಿ, ಕಾಯಂ ಆಗಿ ಬರುವುದು ಇನ್ನೊಂದು ವರ್ಷದ ಅಕ್ಟೋಬರ್ ಅರ್ಧ ಕಳೆದ ಮೇಲೆ ಇರಲಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ಆ ವರ್ಷಕ್ಕೇ ನೀವು ನಿವಾಸಿ. ತಡವಾಗಿ ಬಂದರೆ ಒಂದು ವರ್ಷ ಉಳಿದೀತು. ಆಮೇಲೂ ಇಷ್ಟು ವರ್ಷ ಹೊರಗಿದ್ದವರಿಗೆ ಎರಡು ಮೂರು ವರ್ಷ ಪೂರ್ತಿ ನಿವಾಸಿ ಅಲ್ಲದ ನಡುವಿನ ಸ್ಥಾನ ಸಿಗುತ್ತದೆ, ಅಲ್ಲಿನ ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ನಿವಾಸಿಯಾದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷದವರೆಗೆ ಹಾಕಬಹುದು. ಹೊರದೇಶದಲ್ಲಿದ್ದಾಗ ಅದಕ್ಕೆ ಅವಕಾಶ ಇಲ್ಲ.

ಅಲ್ಲಿಂದ ಹೊರಡುವಾಗ ಕ್ರಮ ತಪ್ಪಬೇಡಿ. ಮೊದಲು ವೀಸಾ ಮುಗಿಸುವ ಅರ್ಜಿ, ಅದರ ಮೇಲೆ ಠೇವಣಿ ಬಿಡಿಸುವ ಪತ್ರ, ಹಣ ಕೈಗೆ ಬಂದ ಮೇಲೆ ಟಿಕೆಟ್. ಗೆಳೆಯರ ಕಥೆ ಗೊತ್ತಿದೆಯಲ್ಲ, ಅಲ್ಲಿಯವರೆಗೆ ಇಬ್ಬರೂ ಅಲ್ಲಿನ ವಕೀಲರ ಹತ್ತಿರ ಒಂದು ವಿಲ್ ಮಾಡಿಸಿಡಿ. ಬರುವುದಿಲ್ಲ ಅಂತ ತೀರ್ಮಾನವಾದರೆ ಅದು ಇನ್ನೂ ಮುಖ್ಯ.

ಅಂದ ಹಾಗೆ, ಬರುವುದಿಲ್ಲ ಅನ್ನುವುದೂ ಒಂದು ಉತ್ತರವೇ. ಇಬ್ಬರೂ ಕೂತು ಮಾತಾಡಿದ ಮೇಲೆ, ಇನ್ನೂ ಮೂರು ವರ್ಷ ಇದ್ದು ಆಮೇಲೆ ಪುಣೆ ಅಂತ ನಿಮ್ಮ ಮನೆಯವರು ಹೇಳಿದರೆ ಅದನ್ನು ಸೋಲು ಅಂತ ತಿಳಿಯಬೇಡಿ. ಹಾಗಾದರೆ ಮಾತ್ರ ನೀವೂ ಆ ಊರಲ್ಲಿ ಇರಲು ಶುರು ಮಾಡಬೇಕು. ಬೆಳಿಗ್ಗೆ ಫೋನ್ ಇಟ್ಟು ಅವರ ಜೊತೆ ಗಾರ್ಡನ್‌ಗೆ ಹೋಗಿ. ಆ ಚೀನೀ ಹೆಂಗಸರ ಗಂಡಂದಿರೂ ಮನೆಯಲ್ಲಿ ಸುಮ್ನೆ ಕೂತಿರುತ್ತಾರೆ, ಯಾರಾದರೂ ಮಾತಾಡಿಸಲಿ ಅಂತ. ಮಂಗಗಳು ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುತ್ತವಂತೆ, ಅಷ್ಟು ಜೋಪಾನ.

ಜುಲೈನಲ್ಲಿ ಬಂದರೆ ಕಚೇರಿಗೆ ಬನ್ನಿ, ಅವರನ್ನೂ ಕರೆದುಕೊಂಡು ಬನ್ನಿ. ತಿಂಗಳ 20ರ ನಂತರ ಮಾತ್ರ ಬೇಡ, ಸಂಚಿಕೆ ಪ್ರೆಸ್ಸಿಗೆ ಹೋಗುವ ಗಡಿಬಿಡಿಯಲ್ಲಿ ಇಲ್ಲಿ ಯಾರಿಗೂ ಚಹಾ ಕೊಡುವಷ್ಟೂ ಪುರಸೊತ್ತು ಇರುವುದಿಲ್ಲ.

– ಸಂ.